ರಾತ್ರಿ ಬಾನಿನಲ್ಲಿ ಅಪರಿಚಿತ ಬೆಳಕು: ಗುರುತು ಹಿಡಿಯುವುದು ಹೇಗೆ?

2012ರ ಆಗಸ್ಟ್‌ನಿಂದ 2013ರ ಫೆಬ್ರುವರಿವರೆಗೆ ಲಡಾಖ್‌ನ ಪ್ಯಾಂಗಾಂಗ್ ಸರೋವರದ ಕಡೆ ಕಾವಲಿದ್ದ ನಮ್ಮ ಸೈನಿಕರು ಆಕಾಶದಲ್ಲಿ ಗುರುತು ಸಿಗದ ಬೆಳಕುಗಳನ್ನು 329 ಸಲ ಕಂಡು ದಾಖಲಿಸಿದರು. ಗಡಿಯಾಚೆಯಿಂದ ಬರುತ್ತಿರುವ ಬೇಹುಗಾರಿಕೆ ಡ್ರೋನ್ ಇರಬಹುದು ಎಂಬ ಅನುಮಾನ ಬಲವಾಯಿತು. ಕೊನೆಗೆ ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಖಗೋಳಜ್ಞರ ನೆರವು ಕೇಳಲಾಯಿತು. ಅವರು ಮುಖ್ಯವಾಗಿ ಕೇಳಿದ್ದು ಒಂದೇ: ಆ ಬೆಳಕು ಅಕ್ಕಪಕ್ಕದ ನಕ್ಷತ್ರಗಳಿಗೆ ಹೋಲಿಸಿದರೆ ಹೇಗೆ ಚಲಿಸುತ್ತಿದೆ? ಸೈನಿಕರು ಅದನ್ನು ಗಮನಿಸಿ ಬರೆದುಕೊಟ್ಟ ಮೇಲೆ ಉತ್ತರ ಸಿಕ್ಕಿತು. ಒಂದು ಗುರು, ಇನ್ನೊಂದು ಶುಕ್ರ.

ಆ ಸೈನಿಕರು ದಡ್ಡರೇನಲ್ಲ. ಕಂಡಿದ್ದನ್ನು ಕಂಡ ಹಾಗೆ, ಶಿಸ್ತಾಗಿ ಬರೆದಿಟ್ಟವರು. ಅವರ ಆ ಬರವಣಿಗೆಯೇ ಇಲ್ಲದಿದ್ದರೆ ಖಗೋಳಜ್ಞರಿಗೂ ಏನೂ ಮಾಡಲು ಆಗುತ್ತಿರಲಿಲ್ಲ. ನಾನು ಈ ಬರಹದಲ್ಲಿ ಒತ್ತಿ ಹೇಳಬೇಕೆಂದಿರುವುದು ಇದನ್ನೇ. "ಅದು ಏನು?" ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು "ಯಾವಾಗ, ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿ, ಎತ್ತ ಹೋಯಿತು?" ಎಂಬುದನ್ನು ಬರೆದಿಟ್ಟವರಿಗೆ ಉತ್ತರ ಬಹುಪಾಲು ಸಿಕ್ಕೇ ಸಿಗುತ್ತದೆ.

ಮೊದಲ ಎರಡು ನಿಮಿಷ

ಬೆಳಕು ಕಂಡ ಕೂಡಲೇ ಕೈ ಮೊಬೈಲ್ ಕ್ಯಾಮೆರಾದತ್ತ ಹೋಗುತ್ತದೆ. ಅದಕ್ಕಿಂತ ಮೊದಲು ಸಮಯ ನೋಡಿ. "ಊಟ ಆದಮೇಲೆ", "ಎಂಟರ ಸುಮಾರಿಗೆ" ಎಂದರೆ ಸಾಲದು. ವಿಮಾನವಾಗಲಿ ಉಪಗ್ರಹವಾಗಲಿ ಐದು ನಿಮಿಷದಲ್ಲಿ ಇಡೀ ಆಕಾಶವನ್ನೇ ದಾಟಿಬಿಡುತ್ತದೆ. ಆದ್ದರಿಂದ 8:14 ಎಂದು ನಿಮಿಷ ಸಮೇತ ಬೇಕು. ಬರೆಯಲು ಪುರುಸೊತ್ತಿಲ್ಲದಿದ್ದರೆ ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿ, ಕಾಣುತ್ತಿರುವುದನ್ನು ಬಾಯಲ್ಲಿ ಹೇಳುತ್ತಾ ಹೋಗಿ. ನೆನಪಿಗೆ ಬಣ್ಣ ಕಟ್ಟುವ ಮೊದಲೇ ವಿವರ ಭದ್ರವಾಗುತ್ತದೆ.

ಎರಡನೆಯದು ದಿಕ್ಕು. ಮೊಬೈಲ್‌ನ ದಿಕ್ಸೂಚಿ ಕಬ್ಬಿಣದ ಗೇಟು, ಕಾರು, ಬೈಕಿನ ಪಕ್ಕದಲ್ಲಿ ತಪ್ಪು ತೋರಿಸುತ್ತದೆ. ಅದರ ಬದಲು ನೆಲದ ಗುರುತು ಹಿಡಿಯಿರಿ: "ನಮ್ಮ ಅಂಗಳದ ಮೆಟ್ಟಿಲ ಮೇಲೆ ನಿಂತರೆ ನೀರಿನ ಟ್ಯಾಂಕಿನ ಎಡಕ್ಕೆ". ನಿಂತ ಜಾಗವನ್ನೂ ನೆನಪಿಟ್ಟುಕೊಂಡರೆ ಮರುದಿನ ಹಗಲಿನಲ್ಲಿ ಅದೇ ಜಾಗದಿಂದ ದಿಕ್ಕನ್ನು ನಿಖರವಾಗಿ ಅಳೆಯಬಹುದು.

ಮೂರನೆಯದು ಎತ್ತರ. ಇದನ್ನು ಅಡಿ, ಮೀಟರಿನಲ್ಲಿ ಹೇಳಲು ಹೋಗಬೇಡಿ. ಕತ್ತಲಲ್ಲಿ ಒಂದು ಬೆಳಕಿನ ಚುಕ್ಕೆ ನೂರು ಮೀಟರ್ ದೂರದಲ್ಲಿದೆಯೋ ನೂರು ಕಿಲೋಮೀಟರ್ ದೂರದಲ್ಲಿದೆಯೋ ಎಂದು ಹೇಳುವ ಶಕ್ತಿ ನಮ್ಮ ಕಣ್ಣಿಗಿಲ್ಲ. ಕೋನದಲ್ಲಿ ಅಳೆಯಿರಿ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕಿರುಬೆರಳಿನ ಅಗಲ 1 ಡಿಗ್ರಿ. ನಡುವಿನ ಮೂರು ಬೆರಳು ಜೋಡಿಸಿದರೆ 5 ಡಿಗ್ರಿ. ಹುಣ್ಣಿಮೆಯ ಚಂದ್ರ ಎಷ್ಟೇ ದೊಡ್ಡದಾಗಿ ಕಂಡರೂ ಅರ್ಧ ಡಿಗ್ರಿ ಮಾತ್ರ, ಚಾಚಿದ ಕಿರುಬೆರಳಿನ ಹಿಂದೆ ಅಡಗಿಹೋಗುತ್ತದೆ. ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ಹೋಗಿ ಎಣಿಸಿ. ಕೈ ಪಳಗಬೇಕಾದರೆ ಧ್ರುವ ನಕ್ಷತ್ರದ ಮೇಲೆ ಪ್ರಯೋಗಿಸಿ. ಅದರ ಎತ್ತರ ನಿಮ್ಮ ಊರಿನ ಅಕ್ಷಾಂಶದಷ್ಟೇ ಇರುತ್ತದೆ: ಬೆಂಗಳೂರಿನಲ್ಲಿ ಸುಮಾರು 13 ಡಿಗ್ರಿ, ಬೀದರ್‌ನಲ್ಲಿ 18.

ಬಣ್ಣ, ಮಿನುಗು, ಸದ್ದು, ಮೋಡ, ಗಾಳಿಯ ದಿಕ್ಕು ಇವನ್ನೂ ಸೇರಿಸಿ. ಸದ್ದು ಕೇಳಲಿಲ್ಲ ಎಂಬುದೂ ಒಂದು ಮಾಹಿತಿಯೇ.

ನಿಂತಿದೆಯೋ, ಚಲಿಸುತ್ತಿದೆಯೋ

ಇಲ್ಲಿಂದ ದಾರಿ ಎರಡಾಗಿ ಒಡೆಯುತ್ತದೆ, ಆದರೆ ಇಲ್ಲೇ ಕಣ್ಣು ಮೋಸಹೋಗುವುದೂ ಹೆಚ್ಚು. ಸುತ್ತ ಕತ್ತಲಿದ್ದು ಒಂದೇ ಚುಕ್ಕೆಯನ್ನು ದಿಟ್ಟಿಸಿದರೆ ಅದು ಅತ್ತಿತ್ತ ಓಲಾಡಿದಂತೆ, ಜಿಗಿದಂತೆ ಕಾಣುತ್ತದೆ. ಇದು ಎಲ್ಲರ ಕಣ್ಣಿಗೂ ಆಗುವಂಥದ್ದು. ಹೋಲಿಸಿ ನೋಡಲು ಸ್ಥಿರವಾದ ಇನ್ನೊಂದು ವಸ್ತು ಇಲ್ಲದಿದ್ದಾಗ ಮಿದುಳು ಚಲನೆಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಮೋಡ ಓಡುತ್ತಿದ್ದರಂತೂ ನಕ್ಷತ್ರವೇ ಎದುರು ದಿಕ್ಕಿಗೆ ಓಡಿದ ಹಾಗಿರುತ್ತದೆ.

ಪರಿಹಾರ ಸುಲಭ. ಗೋಡೆಗೋ ಕಂಬಕ್ಕೋ ತಲೆ ಒರಗಿಸಿ, ಬೆಳಕು ಒಂದು ವಿದ್ಯುತ್ ತಂತಿಗೆ ಇಲ್ಲವೇ ಮಾಳಿಗೆಯ ಅಂಚಿಗೆ ತಾಗಿದಂತೆ ಕಾಣುವ ಹಾಗೆ ನಿಲ್ಲಿ. ಎರಡು ನಿಮಿಷ ಅಲುಗಾಡದೆ ನೋಡಿ. ತಂತಿಗೆ ಅಂಟಿಕೊಂಡೇ ಇದ್ದರೆ ಅದು ನಿಂತಿದೆ. ಆಮೇಲೆ ಕಾಲು ಗಂಟೆ ಬಿಟ್ಟು ಅದೇ ಜಾಗದಲ್ಲಿ ಮತ್ತೆ ನೋಡಿ. ಆಕಾಶ ಗಂಟೆಗೆ 15 ಡಿಗ್ರಿ, ಅಂದರೆ ಒಂದೂವರೆ ಮುಷ್ಟಿಯಷ್ಟು, ಪೂರ್ವದಿಂದ ಪಶ್ಚಿಮಕ್ಕೆ ಹೊರಳುತ್ತದೆ. ಬೆಳಕು ಪಕ್ಕದ ನಕ್ಷತ್ರಗಳ ಜೊತೆಯಲ್ಲೇ, ಅದೇ ಲೆಕ್ಕದಲ್ಲಿ ಸರಿದಿದ್ದರೆ ಅದು ಗ್ರಹ ಅಥವಾ ನಕ್ಷತ್ರ. ಲಡಾಖ್‌ನ ಗುಟ್ಟು ಬಯಲಾದದ್ದು ಇದೇ ಬಗೆಯ ಪರೀಕ್ಷೆಯಲ್ಲಿ.

ನಿಂತ ಬೆಳಕು: ಮೊದಲು ಶುಕ್ರನನ್ನು ಕೇಳಿ

ಚಂದ್ರನನ್ನು ಬಿಟ್ಟರೆ ರಾತ್ರಿಯ ಆಕಾಶದಲ್ಲಿ ಶುಕ್ರನಷ್ಟು ಪ್ರಖರವಾದ ಕಾಯ ಮತ್ತೊಂದಿಲ್ಲ. ಹಳ್ಳಿಗಳಲ್ಲಿ "ಬೆಳ್ಳಿ ಮೂಡಿತು" ಎಂದು ಹೊತ್ತು ಹೇಳುತ್ತಿದ್ದ ಹಿರಿಯರಿಗೆ ಅದು ದಿನನಿತ್ಯದ ಪರಿಚಯ. ಬೀದಿದೀಪದ ಕೆಳಗೆ ಬೆಳೆದ ನಮಗೆ ಒಂದು ದಿನ ಕರೆಂಟು ಹೋದಾಗ ಅದೇ ಹೊಸದಾಗಿ, ಭಯವಾಗುವಷ್ಟು ಹತ್ತಿರವಾಗಿ ಕಾಣುತ್ತದೆ. ಶುಕ್ರ ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ದೂರ ಹೋಗುವುದಿಲ್ಲ. ಹಾಗಾಗಿ ಸಂಜೆ ಪಶ್ಚಿಮದಲ್ಲಿ, ಇಲ್ಲವೇ ಮುಂಜಾನೆ ಪೂರ್ವದಲ್ಲಿ, ಹೆಚ್ಚೆಂದರೆ ಮೂರು ಗಂಟೆಯಷ್ಟು ಹೊತ್ತು ಕಾಣುತ್ತದೆ. ನಡುರಾತ್ರಿಯಲ್ಲಿ ನೆತ್ತಿಯ ಮೇಲೆ ಹೊಳೆಯುವುದು ಶುಕ್ರ ಆಗಲಾರದು. ಅದು ಗುರು ಆಗಿರಬಹುದು.

ಮನೆಯಲ್ಲಿ ಪಂಚಾಂಗವಿದ್ದರೆ ತೆಗೆಯಿರಿ. ಶುಕ್ರಾಸ್ತ, ಶುಕ್ರೋದಯದ ದಿನಗಳು, ಗುರು ಯಾವ ರಾಶಿಯಲ್ಲಿದ್ದಾನೆ ಎಂಬುದು ಅದರಲ್ಲಿರುತ್ತದೆ. ಶುಕ್ರ ಅಸ್ತನಾಗಿರುವ, ಅಂದರೆ ಸೂರ್ಯನಿಗೆ ತೀರ ಹತ್ತಿರವಿದ್ದು ಕಣ್ಣಿಗೆ ಕಾಣದ ದಿನಗಳಲ್ಲಿ ನೀವು ಕಂಡಿದ್ದು ಶುಕ್ರ ಅಲ್ಲ ಎಂದು ಅಲ್ಲೇ ತೀರ್ಮಾನಿಸಬಹುದು. ಮೊಬೈಲ್‌ನಲ್ಲಿ ಸ್ಟೆಲ್ಲೇರಿಯಂ ಆ್ಯಪ್ ಇದ್ದರೆ ಇನ್ನೂ ಸಲೀಸು: ಊರು, ದಿನಾಂಕ, ಸಮಯ ಕೊಟ್ಟರೆ ಆ ಗಳಿಗೆಯ ಆಕಾಶ ಕಣ್ಣ ಮುಂದೆ ಬರುತ್ತದೆ. ಹಿಂದಿನ ದಿನಾಂಕಗಳಿಗೂ ನೋಡಬಹುದು.

ಕೆಂಪು, ಹಸಿರು, ನೀಲಿ ಎಂದು ಬಣ್ಣ ಬದಲಿಸುತ್ತಾ ದಿಗಂತದ ಹತ್ತಿರ ಪಟಪಟನೆ ಮಿನುಗುವ ಬೆಳಕಿನ ದೂರುಗಳು ಚಳಿಗಾಲದಲ್ಲಿ ಬಂದರೆ ಲುಬ್ಧಕದ ಮೇಲೆ ಅನುಮಾನ ಪಡಿ. ರಾತ್ರಿಯ ಅತಿ ಪ್ರಕಾಶಮಾನ ನಕ್ಷತ್ರ ಅದು. ಕೆಳಗಿದ್ದಾಗ ಅದರ ಬೆಳಕು ದಪ್ಪನೆಯ, ಕದಡಿದ ಗಾಳಿಯ ಪದರದ ಮೂಲಕ ಬರುವುದರಿಂದ ಬಣ್ಣಗಳು ಕ್ಷಣಕ್ಷಣಕ್ಕೂ ಚೆದುರುತ್ತವೆ. ಎರಡು ಗಂಟೆ ಕಾದು, ಅದು ಮೇಲೇರಿದ ಮೇಲೆ ನೋಡಿ. ಕುಣಿತ ಬಹಳ ತಗ್ಗಿರುತ್ತದೆ.

ಇನ್ನೊಂದು ಸೂಕ್ಷ್ಮ. ನಕ್ಷತ್ರಗಳು ದಿನಕ್ಕೆ 4 ನಿಮಿಷ ಮುಂಚಿತವಾಗಿ ಹುಟ್ಟುತ್ತವೆ. "ಹದಿನೈದು ದಿನದಿಂದ ಬರುತ್ತಿದೆ, ಈಗೀಗ ಒಂದು ಗಂಟೆ ಬೇಗ ಬರುತ್ತಿದೆ" ಎಂದು ಯಾರಾದರೂ ಹೇಳಿದರೆ ಲೆಕ್ಕ ಹಾಕಿ: 15 ದಿನಕ್ಕೆ 60 ನಿಮಿಷ. ಆ ಮಾತಿನಲ್ಲೇ ಉತ್ತರವಿದೆ.

ಚಲಿಸುವ ಬೆಳಕು

ವಿಮಾನದಿಂದ ಶುರು ಮಾಡಿ. ವಿಮಾನದ ಎಡ ರೆಕ್ಕೆಯ ತುದಿಯಲ್ಲಿ ಕೆಂಪು, ಬಲ ರೆಕ್ಕೆಯಲ್ಲಿ ಹಸಿರು, ಜೊತೆಗೆ ಮಿಂಚುವ ದೀಪಗಳು. ಕೆಂಪು ನಿಮ್ಮ ಬಲಕ್ಕೆ, ಹಸಿರು ಎಡಕ್ಕೆ ಕಂಡರೆ ಅದು ನಿಮ್ಮ ಕಡೆಗೇ ಬರುತ್ತಿದೆ. ಇಳಿಯಲು ಬರುವ ವಿಮಾನದ ಮುಂದೀಪ ಬಹಳ ತೀಕ್ಷ್ಣ. ನೇರ ಹೆದ್ದಾರಿಯಲ್ಲಿ ದೂರದಿಂದ ಎದುರು ಬರುವ ಬಸ್ಸಿನ ಹೆಡ್‌ಲೈಟ್ ನಿಂತೇ ಇದೆ ಅನ್ನಿಸುತ್ತದಲ್ಲ, ಹಾಗೆಯೇ ಇದೂ ಹಲವು ನಿಮಿಷ ಒಂದೇ ಕಡೆ ತೂಗಿದಂತೆ ಇದ್ದು, ಆಮೇಲೆ ಥಟ್ಟನೆ ತಿರುಗಿ "ಮಾಯವಾಗುತ್ತದೆ". ದೇವನಹಳ್ಳಿಯ ಸುತ್ತಮುತ್ತಲಿನವರು ಸಾಲಾಗಿ ತೂಗುವ ಇಂಥ ಮೂರು ನಾಲ್ಕು ದೀಪಗಳನ್ನು ದಿನವೂ ನೋಡಬಹುದು. ಸದ್ದಿಲ್ಲ ಎಂದಾಕ್ಷಣ ವಿಮಾನವಲ್ಲ ಎನ್ನಬೇಡಿ, 10 ಕಿ.ಮೀ. ದೂರದ ಸದ್ದು ನಿಮ್ಮನ್ನು ಮುಟ್ಟಲು ಸುಮಾರು 30 ಸೆಕೆಂಡು ಬೇಕು, ಗಾಳಿ ಎದುರಾಗಿದ್ದರೆ ಮುಟ್ಟದೆಯೂ ಇರಬಹುದು. ಫ್ಲೈಟ್‌ರಾಡಾರ್24ರಂಥ ತಾಣಗಳಲ್ಲಿ ಕಳೆದುಹೋದ ಸಮಯದ ಹಾರಾಟವನ್ನೂ ಮರಳಿ ನೋಡುವ ಸೌಲಭ್ಯವಿದೆ. ಆದರೆ ಸೇನಾ ವಿಮಾನಗಳು, ಪ್ರಯೋಗದ ಡ್ರೋನ್‌ಗಳು ಅಲ್ಲಿ ಕಾಣಿಸದಿರಬಹುದು. ಯಲಹಂಕ, ಬೀದರ್‌ನ ವಾಯುನೆಲೆಗಳು, ಚಳ್ಳಕೆರೆ ಬಳಿಯ ಡಿಆರ್‌ಡಿಒ ಪರೀಕ್ಷಾ ವಲಯದ ಸುತ್ತ ಇರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮಿಂಚದೆ, ಸದ್ದಿಲ್ಲದೆ, ಒಂದೇ ವೇಗದಲ್ಲಿ ಸಾಗುವ ಬಿಳಿ ಚುಕ್ಕೆಯಾದರೆ ಉಪಗ್ರಹ. ಅದಕ್ಕೆ ಸ್ವಂತ ದೀಪವಿಲ್ಲ. ನಮಗೆ ಕತ್ತಲಾಗಿದ್ದರೂ ಮೇಲೆ ಇನ್ನೂ ಬಿಸಿಲಿರುತ್ತದೆ. ಆ ಬಿಸಿಲಿಗೆ ಅದು ಹೊಳೆಯುತ್ತದೆ. ಆದ್ದರಿಂದ ಕೆಳಕಕ್ಷೆಯ ಉಪಗ್ರಹಗಳು ನಮ್ಮ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದ ಒಂದೂವರೆ ಎರಡು ಗಂಟೆಯೊಳಗೆ, ಅಥವಾ ಸೂರ್ಯ ಹುಟ್ಟುವ ಮುಂಚಿನ ಅಷ್ಟೇ ಅವಧಿಯಲ್ಲಿ ಚೆನ್ನಾಗಿ ಕಾಣುತ್ತವೆ. ನಡು ಆಕಾಶದಲ್ಲಿ ಮಂಕಾಗಿ ಆರಿಹೋದರೆ ಅದು ಭೂಮಿಯ ನೆರಳಿಗೆ ಹೊಕ್ಕಿತು ಎಂದರ್ಥ. ಇವುಗಳಲ್ಲಿ ದೊಡ್ಡದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಸುಮಾರು 400 ಕಿ.ಮೀ. ಎತ್ತರದಲ್ಲಿ 93 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವ ಇದು, ಒಳ್ಳೆಯ ದಿನ ಶುಕ್ರನಿಗೆ ಸರಿಸಮವಾಗಿ ಹೊಳೆದು ನಾಲ್ಕರಿಂದ ಆರು ನಿಮಿಷದಲ್ಲಿ ಆಕಾಶ ದಾಟುತ್ತದೆ. 2025ರ ಜೂನ್–ಜುಲೈನಲ್ಲಿ ಶುಭಾಂಶು ಶುಕ್ಲಾ ಇದ್ದದ್ದು ಇದೇ ನಿಲ್ದಾಣದಲ್ಲಿ. ಹೆವೆನ್ಸ್ ಅಬವ್ ತಾಣದಲ್ಲಿ ನಿಮ್ಮ ಊರು ಕೊಟ್ಟರೆ ಅದು ಹಾದುಹೋಗುವ ನಿಮಿಷ, ದಿಕ್ಕು, ಎತ್ತರ ಮೂರೂ ಸಿಗುತ್ತವೆ. ನೀವು ಬರೆದಿಟ್ಟ 8:14 ಉಪಯೋಗಕ್ಕೆ ಬರುವುದು ಇಲ್ಲಿ.

ಒಂದರ ಹಿಂದೊಂದು ಹತ್ತಾರು ದೀಪಗಳು ನೇರ ಸಾಲಿನಲ್ಲಿ ಹೋದರೆ? ಅದು ಬಹುಮಟ್ಟಿಗೆ ಸ್ಟಾರ್‌ಲಿಂಕ್. ಸ್ಪೇಸ್‌ಎಕ್ಸ್ ಕಂಪನಿ 2019ರ ಮೇ ತಿಂಗಳಲ್ಲಿ ಮೊದಲ ಸಲ 60 ಉಪಗ್ರಹಗಳನ್ನು ಒಟ್ಟಿಗೆ ಹಾರಿಸಿದಾಗಿನಿಂದ ಈ ನೋಟ ಜಗತ್ತಿನೆಲ್ಲೆಡೆ ಜನರನ್ನು ಗಾಬರಿಗೊಳಿಸುತ್ತಿದೆ. ಉಡಾವಣೆಯಾದ ಮೊದಲ ಕೆಲವು ದಿನ ಅವು ಒತ್ತೊತ್ತಾಗಿ ಇರುತ್ತವೆ, ಆಮೇಲೆ ಮೇಲಿನ ಕಕ್ಷೆಗೆ ಏರುತ್ತಾ ಚದುರಿ ಮಂಕಾಗುತ್ತವೆ. ಹಾಗಾಗಿ ಹಿಂದಿನ ವಾರದ ಉಡಾವಣೆಗಳ ಪಟ್ಟಿ ನೋಡಿದರೆ ಸಾಕು.

ಇನ್ನು ರಾಕೆಟ್ಟು, ಕ್ಷಿಪಣಿ. 2022ರ ಡಿಸೆಂಬರ್ 15ರ ಸಂಜೆ ಪಶ್ಚಿಮ ಬಂಗಾಳದ ಅನೇಕ ಕಡೆ ಟಾರ್ಚ್ ಬಿಟ್ಟಂಥ ವಿಚಿತ್ರ ಬೆಳಕು ಕಂಡಿತ್ತು. ಅದೇ ಸಂಜೆ ಒಡಿಶಾ ಕರಾವಳಿಯ ಅಬ್ದುಲ್ ಕಲಾಂ ದ್ವೀಪದಿಂದ ಅಗ್ನಿ–5ರ ಪರೀಕ್ಷೆ ನಡೆದಿತ್ತು. ಮುಸ್ಸಂಜೆಯ ಉಡಾವಣೆಯ ಹೊಗೆ ನೆಲದ ಕತ್ತಲಿನಿಂದ ಮೇಲಿನ ಬಿಸಿಲಿಗೆ ಏರಿದಾಗ ನೂರಾರು ಕಿ.ಮೀ. ದೂರಕ್ಕೂ ಕಾಣುತ್ತದೆ. ಬೆಂಗಳೂರಿನಿಂದ ಶ್ರೀಹರಿಕೋಟಾ ಸುಮಾರು 300 ಕಿ.ಮೀ.; ಪೂರ್ವ ದಿಗಂತ ಬಯಲಾಗಿದ್ದು ಮೋಡವಿಲ್ಲದಿದ್ದರೆ ಸಂಜೆ, ರಾತ್ರಿಯ ಉಡಾವಣೆ ಇಲ್ಲಿಗೂ ಕಂಡೀತು. ಇಸ್ರೊ ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸುತ್ತದೆ, ಕ್ಷಿಪಣಿ ಪರೀಕ್ಷೆಗೂ ವಿಮಾನಗಳಿಗೆ ಮುನ್ಸೂಚನೆ ಹೊರಡುತ್ತದೆ.

ಉರಿಯುತ್ತಾ ಬೀಳುವ ಬೆಳಕಿನಲ್ಲಿ ಎಷ್ಟು ಹೊತ್ತು ಕಂಡಿತು ಎಂಬುದೇ ಮುಖ್ಯ. ಉಲ್ಕೆ ಸೆಕೆಂಡಿಗೆ 11ರಿಂದ 72 ಕಿ.ಮೀ. ವೇಗದಲ್ಲಿ ಬರುತ್ತದೆ; ಒಂದೆರಡು ಸೆಕೆಂಡಿನಲ್ಲಿ ಮುಗಿಯಿತು ಎನ್ನಿ. ಆಗಸ್ಟ್ 12–13ರ ಪರ್ಸೀಡ್, ಡಿಸೆಂಬರ್ 13–14ರ ಜೆಮಿನಿಡ್ ಉಲ್ಕಾವರ್ಷಗಳ ಆಸುಪಾಸಿನಲ್ಲಿ ಇವು ಹೆಚ್ಚು. ಆದರೆ ಅರ್ಧ ನಿಮಿಷಕ್ಕೂ ಮೀರಿ, ನಿಧಾನವಾಗಿ, ತುಂಡುತುಂಡಾಗಿ ಒಂದೇ ಗೆರೆಯಲ್ಲಿ ಸಾಗಿದರೆ ಅದು ಕಕ್ಷೆಯಿಂದ ಬೀಳುತ್ತಿರುವ ರಾಕೆಟ್ಟಿನ ಭಾಗವೋ ಹಳೆಯ ಉಪಗ್ರಹವೋ ಆಗಿರುತ್ತದೆ. 2022ರ ಏಪ್ರಿಲ್ 2, ಯುಗಾದಿಯ ರಾತ್ರಿ, ಮಹಾರಾಷ್ಟ್ರ ಮತ್ತು ಮಧ್ಯಪ್ರದೇಶದ ಜನ ಕಂಡಿದ್ದು ಇಂಥದ್ದೇ. ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನ ಅವಶೇಷವೆಂದು ಗುರುತಿಸಲಾದ ಸುಮಾರು ಮೂರು ಮೀಟರ್ ಅಗಲದ ಲೋಹದ ಬಳೆ ಚಂದ್ರಾಪುರ ಜಿಲ್ಲೆಯ ಲಾಡಬೋರಿ ಹಳ್ಳಿಯಲ್ಲಿ ಬಿದ್ದಿತ್ತು. ಇಂಥ ತುಂಡು ಹೊಲದಲ್ಲಿ ಸಿಕ್ಕರೆ ದಯವಿಟ್ಟು ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ವಿಷಕಾರಿ ಇಂಧನ ಅಂಟಿರಬಹುದು. ಪೊಲೀಸರಿಗೆ ತಿಳಿಸಿ.

ಮದುವೆ, ಜಾತ್ರೆ, ದೀಪಾವಳಿಯ ಹೊತ್ತಿನಲ್ಲಿ ಹಾರಿಬಿಡುವ ಕಾಗದದ ಲಾಟೀನುಗಳು ಕಿತ್ತಳೆ ಬಣ್ಣದಲ್ಲಿ, ಗಾಳಿ ಹೋದತ್ತ ಗುಂಪಾಗಿ ಸಾಗಿ ಕೆಲವು ನಿಮಿಷಗಳಲ್ಲಿ ಒಂದೊಂದಾಗಿ ಆರುತ್ತವೆ. ಗಾಳಿಯ ದಿಕ್ಕು ಬರೆದಿಟ್ಟಿದ್ದರೆ ಇದು ಕೂಡಲೇ ಬಗೆಹರಿಯುತ್ತದೆ. ಕಲ್ಯಾಣ ಕರ್ನಾಟಕದವರಿಗೆ ಇನ್ನೊಂದು ಸಾಧ್ಯತೆಯಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಹೈದರಾಬಾದ್ ಕೇಂದ್ರ ಸಂಶೋಧನೆಗಾಗಿ ದೈತ್ಯ ಬಲೂನುಗಳನ್ನು ಹಾರಿಸುತ್ತದೆ. ಅವು 30 ಕಿ.ಮೀ.ಗೂ ಮೇಲೆ ಏರುತ್ತವೆ. 2025ರ ಜನವರಿಯಲ್ಲಿ ಅಂಥದ್ದೊಂದು ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಇಳಿದಿತ್ತು. ಆ ಎತ್ತರದ ಬಲೂನಿಗೆ ನೆಲದಲ್ಲಿ ಸೂರ್ಯ ಮುಳುಗಿದ ಇಪ್ಪತ್ತು ನಿಮಿಷದ ನಂತರವೂ ಬಿಸಿಲು ಬೀಳುತ್ತಿರುತ್ತದೆ.

ಆಕಾಶದ್ದೆನಿಸುವ ನೆಲದ ಬೆಳಕು

ಮಲೆನಾಡಿನವರಿಗೆ ಈ ಭಾಗ ಹೆಚ್ಚು ಬೇಕಾದೀತು. ಅಮಾವಾಸ್ಯೆಯ ಕತ್ತಲಲ್ಲಿ ಗುಡ್ಡದ ಅಂಚು ಕಾಣದಾದಾಗ, ಘಟ್ಟದ ತಿರುವಿನಲ್ಲಿ ಹೋಗುವ ವಾಹನದ ಬೆಳಕು ಆಕಾಶದಲ್ಲೇ ಹುಟ್ಟಿ, ನಾಲ್ಕು ಗಳಿಗೆ ಉರಿದು, ಮಾಯವಾಗಿ, ಬೇರೆ ಕಡೆ ಮತ್ತೆ ಹುಟ್ಟಿದಂತೆ ಕಾಣುತ್ತದೆ. ಚಾರ್ಮಾಡಿ, ಆಗುಂಬೆಯಂಥ ಘಾಟಿಗಳನ್ನು ಎದುರುಗುಡ್ಡದಿಂದ ನೋಡಿದವರಿಗೆ ಇದು ಗೊತ್ತು. ಅಮೆರಿಕದ ಟೆಕ್ಸಸ್‌ನಲ್ಲಿ ಮಾರ್ಫಾ ಎಂಬ ಊರಿನ ನಿಗೂಢ ದೀಪಗಳು ತಲೆಮಾರುಗಳಿಂದ ಹೆಸರುವಾಸಿ. 2004ರಲ್ಲಿ ಡಲ್ಲಾಸ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ, ದೂರದ 67ನೇ ಹೆದ್ದಾರಿಯ ವಾಹನ ಸಂಚಾರಕ್ಕೂ ದೀಪಗಳಿಗೂ ತಾಳೆ ನೋಡಿದರು. ವೀಕ್ಷಣಾ ತಾಣದಿಂದ ನೈಋತ್ಯಕ್ಕೆ ಕಾಣುತ್ತಿದ್ದ ದೀಪಗಳು ಆ ಹೆದ್ದಾರಿಯ ಹೆಡ್‌ಲೈಟುಗಳೇ ಎಂದು ಅವರು ತೋರಿಸಿಕೊಟ್ಟರು.

ನೀವೂ ಇದೇ ಬಗೆಯ ಪ್ರಯೋಗ ಮಾಡಬಹುದು. ಬೆಳಕು ಕಂಡ ಜಾಗದಲ್ಲಿ ಒಬ್ಬರು ನಿಲ್ಲಲಿ. ಇನ್ನೊಬ್ಬರು ಅನುಮಾನವಿರುವ ರಸ್ತೆಯ ಬದಿಯಲ್ಲಿ ಸುರಕ್ಷಿತ ಜಾಗ ನೋಡಿ ವಾಹನ ನಿಲ್ಲಿಸಿ, ಫೋನಿನಲ್ಲಿ ಮಾತಾಡಿಕೊಂಡು ದೀಪವನ್ನು ಎಣಿಸಿ ಹಚ್ಚಿ ಆರಿಸಲಿ. ಅಲ್ಲಿ ಆರಿಸಿದಾಗ ಇಲ್ಲಿ ಆರಿದರೆ ಕೇಸು ಮುಗಿಯಿತು.

ದೂರ ಅಳೆಯಲೂ ಇಬ್ಬರು ಬೇಕು. ಒಂದೆರಡು ಕಿ.ಮೀ. ಅಂತರದಲ್ಲಿ, ಬೆಳಕಿನ ದಿಕ್ಕಿಗೆ ಅಡ್ಡವಾಗಿ ನಿಂತು, ಒಂದೇ ಕ್ಷಣದಲ್ಲಿ ಅದು ಯಾವ ನಕ್ಷತ್ರದ ಬಳಿ ಇದೆ ಎಂದು ಇಬ್ಬರೂ ಗುರುತು ಹಾಕಿ. ಇಬ್ಬರ ಗುರುತಿನ ನಡುವಿನ ಕೋನವನ್ನು ಮುಷ್ಟಿ, ಬೆರಳಿನಲ್ಲಿ ಅಳೆಯಿರಿ. ನಿಮ್ಮಿಬ್ಬರ ಅಂತರವನ್ನು 57ರಿಂದ ಗುಣಿಸಿ ಆ ಕೋನದಿಂದ ಭಾಗಿಸಿದರೆ ಸುಮಾರಾದ ದೂರ ಸಿಗುತ್ತದೆ. 2 ಕಿ.ಮೀ. ಅಂತರ, 10 ಡಿಗ್ರಿ ವ್ಯತ್ಯಾಸ ಎಂದರೆ ಹನ್ನೊಂದು ಕಿ.ಮೀ. ಚಿಲ್ಲರೆ. ವ್ಯತ್ಯಾಸವೇ ಕಾಣದಿದ್ದರೆ ಅದು ಬಹಳ ದೂರದ್ದು.

ಚಿತ್ರದುರ್ಗ, ಗದಗದ ಗುಡ್ಡಗಳ ಗಾಳಿಯಂತ್ರಗಳ ಮೇಲಿನ ಕೆಂಪು ದೀಪ, ಕರಾವಳಿಯಲ್ಲಿ ದಿಗಂತದಾಚೆಯ ಮೀನುಗಾರಿಕಾ ದೋಣಿಗಳ ದೀಪ, ಮಳೆಗಾಲದ ಮುಂಚೆ ಗುಡುಗು ಕೇಳಿಸದಷ್ಟು ದೂರದಲ್ಲಿ ಮಿಂಚುವ ಮೋಡ, ಮೇ–ಜೂನ್‌ನಲ್ಲಿ ಪಶ್ಚಿಮಘಟ್ಟದ ಮರಗಳಲ್ಲಿ ಒಟ್ಟಿಗೆ ಹೊತ್ತಿ ಆರುವ ಮಿಂಚುಹುಳುಗಳು, ಇವನ್ನೆಲ್ಲ ಪಟ್ಟಿಯಲ್ಲಿಟ್ಟುಕೊಳ್ಳಿ. ಕೊಳ್ಳಿದೆವ್ವದ ಕಥೆಗಳು ಗದ್ದೆ, ಕೆಸರು, ಹಳ್ಳದ ಬದಿಯವೇ ಹೆಚ್ಚು. ಕೊಳೆತ ಸಸ್ಯದಿಂದ ಏಳುವ ಅನಿಲ ಅದಕ್ಕೆ ಕಾರಣ ಎಂಬ ವಿವರಣೆ ಹಳೆಯದು. ಆದರೆ ನಾನಾದರೆ ಮೊದಲು ವಿಚಾರಿಸುವುದು ಆ ರಾತ್ರಿ ಸೂಡಿ ಹಿಡಿದೋ ತಲೆಗೆ ಟಾರ್ಚ್ ಕಟ್ಟಿಕೊಂಡೋ ಏಡಿ, ಮೀನು ಹಿಡಿಯಲು ಹೋದವರು ಯಾರಾದರೂ ಇದ್ದರೇ ಎಂದು. ಬೆಳಕನ್ನು ಬೆನ್ನಟ್ಟಿ ಕತ್ತಲಲ್ಲಿ ಕೆರೆ, ಕೆಸರಿಗೆ ಇಳಿಯುವ ಸಾಹಸ ಬೇಡ. ಲೇಸರ್ ಕಿರಣವನ್ನು ಬಾನಿನ ಬೆಳಕಿನತ್ತ ಬಿಡುವುದಂತೂ ಬೇಡವೇ ಬೇಡ. ಅದು ವಿಮಾನವಾಗಿದ್ದರೆ ಪೈಲಟ್‌ನ ಕಣ್ಣು ಕುರುಡಾಗುವ ಅಪಾಯ.

ಫೋಟೊ, ವಿಡಿಯೊ ಬಂದಾಗ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿ ನೆಚ್ಚಬೇಡಿ. ಸಾಮಾನ್ಯವಾಗಿ ಕಳಿಸುವಾಗ ಅದು ಚಿತ್ರವನ್ನು ಕುಗ್ಗಿಸುತ್ತದೆ, ತೆಗೆದ ಸಮಯದ ವಿವರವನ್ನೂ ಕಳೆದುಬಿಡುತ್ತದೆ. ತೆಗೆದವರ ಫೋನಿನಲ್ಲಿರುವ ಮೂಲ ಕಡತವನ್ನೇ ಡಾಕ್ಯುಮೆಂಟ್ ರೂಪದಲ್ಲಿ ಕೇಳಿ ಪಡೆಯಿರಿ. ಪೂರ್ತಿ ಝೂಮ್ ಮಾಡಿದಾಗ ಫೋಕಸ್ ತಪ್ಪಿ ಒಂದು ಚುಕ್ಕೆ ಉಬ್ಬಿದ ತಟ್ಟೆಯಾಗುತ್ತದೆ, ಒಳಗೆ ಏನೋ ಕುಲುಕಿದಂತೆ ಇರುತ್ತದೆ. "ಹಾರುವ ತಟ್ಟೆ" ವಿಡಿಯೊಗಳಲ್ಲಿ ಅನೇಕವು ಹೀಗೆ ಫೋಕಸ್ ತಪ್ಪಿದ ಶುಕ್ರನವೇ. ಚಿತ್ರದಲ್ಲಿ ಬೀದಿದೀಪವೋ ಚಂದ್ರನೋ ಇದ್ದರೆ, ಅದರಿಂದ ಚಿತ್ರದ ನಟ್ಟನಡುವಿನ ಮೂಲಕ ಒಂದು ಗೆರೆ ಎಳೆಯಿರಿ. ನಿಗೂಢ ಬೆಳಕು ಆ ಗೆರೆಯ ಮೇಲೆ, ಮಧ್ಯದಿಂದ ಅಷ್ಟೇ ದೂರದಲ್ಲಿ ಎದುರುಬದಿಗಿದ್ದರೆ ಅದು ಲೆನ್ಸಿನೊಳಗಿನ ಪ್ರತಿಫಲನ. ಕಣ್ಣಿಗೆ ಕಾಣದೆ ಫೋಟೊದಲ್ಲಿ ಮಾತ್ರ ಕಂಡಿತು ಎಂದವರ ಚಿತ್ರವನ್ನು ಮೊದಲು ಹೀಗೆ ಪರೀಕ್ಷಿಸಿ. ನೀವೇ ವಿಡಿಯೊ ಮಾಡುವುದಾದರೆ ಝೂಮ್ ಬೇಡ. ಫೋನನ್ನು ಗೋಡೆಯ ಮೇಲಿಟ್ಟು, ಮನೆಯ ಸೂರೋ ತೆಂಗಿನ ಮರವೋ ಚೌಕಟ್ಟಿನೊಳಗೆ ಬರುವಂತೆ ನೋಡಿಕೊಳ್ಳಿ.

ಕಂಡವರನ್ನು ಮಾತನಾಡಿಸುವ ಬಗೆ

ನಾಲ್ಕು ಜನ ಕಂಡಿದ್ದರೆ ನಾಲ್ವರನ್ನೂ ಬೇರೆಬೇರೆಯಾಗಿ, ಅವರವರೇ ಮಾತಾಡಿಕೊಳ್ಳುವ ಮುಂಚೆ ಕೇಳಿ. ಒಮ್ಮೆ ಚಾವಡಿಯಲ್ಲಿ ಕೂತು ಚರ್ಚೆಯಾದರೆ ನಾಲ್ಕು ನೆನಪೂ ಒಂದಾಗಿಬಿಡುತ್ತವೆ. ಅವರು ಕಂಡ ಜಾಗಕ್ಕೇ, ಸಾಧ್ಯವಾದರೆ ಮರುರಾತ್ರಿ ಅದೇ ಹೊತ್ತಿಗೆ ಕರೆದುಕೊಂಡು ಹೋಗಿ. "ಎಷ್ಟು ದೊಡ್ಡದಿತ್ತು?" ಎನ್ನುವ ಬದಲು "ಕೈ ಚಾಚಿ ತೋರಿಸಿ ಅಮ್ಮ, ಎಷ್ಟು ಮುಷ್ಟಿ ಮೇಲಿತ್ತು?" ಎಂದು ಕೇಳಿ. ಡ್ರೋನ್, ದೆವ್ವ, ಏಲಿಯನ್ ಯಾವ ಹೆಸರನ್ನೂ ನೀವು ಮೊದಲು ಎತ್ತಬೇಡಿ. ಕಂಡಿದ್ದನ್ನೂ ಕಂಡದ್ದರ ಬಗ್ಗೆ ಊಹಿಸಿದ್ದನ್ನೂ ಪುಸ್ತಕದಲ್ಲಿ ಎರಡು ಕಾಲಂ ಮಾಡಿ ಬರೆದುಕೊಳ್ಳಿ. ಯಾರನ್ನೂ ನಗೆಗೀಡು ಮಾಡಬೇಡಿ. ಗೇಲಿ ಮಾಡಿದ ಊರಿನಲ್ಲಿ ಮುಂದಿನ ಸಲ ಒಬ್ಬರೂ ಬಾಯಿ ಬಿಡುವುದಿಲ್ಲ, ಮತ್ತು ಅವರು ಸುಳ್ಳು ಹೇಳಿರುವ ಸಾಧ್ಯತೆ ನಿಜಕ್ಕೂ ಕಡಿಮೆ.

ಉತ್ತರ ಸಿಗದಿದ್ದರೆ

ಅಮೆರಿಕದ ವಾಯುಪಡೆ 1952ರಿಂದ 1969ರವರೆಗೆ ನಡೆಸಿದ ಪ್ರಾಜೆಕ್ಟ್ ಬ್ಲೂ ಬುಕ್ ಎಂಬ ತನಿಖೆಯಲ್ಲಿ, ಆಕಾಶದಲ್ಲಿ ಗುರುತು ಸಿಗದ್ದನ್ನು ಕಂಡೆವೆಂಬ 12,618 ವರದಿಗಳು ದಾಖಲಾದವು. 701 ಗುರುತು ಸಿಗದೆ ಉಳಿದವು. ಗುರುತು ಸಿಗಲಿಲ್ಲ ಎಂದರೆ ಅನ್ಯಗ್ರಹದವರು ಬಂದರು ಎಂದಲ್ಲ. ತೀರ್ಮಾನಿಸುವಷ್ಟು ವಿವರ ಕೈಯಲ್ಲಿಲ್ಲ ಎಂದು. ಇದರ ಜೊತೆಗೆ, ನಿಜವಾಗಿಯೂ ಕುತೂಹಲ ಉಳಿಸುವ ಜಾಗಗಳೂ ಇವೆ. ನಾರ್ವೆಯ ಹೆಸ್‌ಡಾಲೆನ್ ಕಣಿವೆಯಲ್ಲಿ 1980ರ ದಶಕದ ಆರಂಭದಿಂದ ವರದಿಯಾಗುತ್ತಿರುವ ಬೆಳಕುಗಳನ್ನು ಗಮನಿಸಲು 1998ರಲ್ಲಿ ಸ್ವಯಂಚಾಲಿತ ಕೇಂದ್ರವನ್ನೇ ನೆಟ್ಟರು. ಅಲ್ಲಿಯ ಕೆಲವು ಬೆಳಕು ವಾಹನ, ವಿಮಾನಗಳದ್ದೆಂದು ತಿಳಿದಿದೆ. ಎಲ್ಲದಕ್ಕೂ ಒಪ್ಪಿತವಾದ ಉತ್ತರ ಇನ್ನೂ ಇಲ್ಲ.

ನಿಮ್ಮ ಪ್ರಕರಣವೂ ಹಾಗೆ ಉಳಿದರೆ ಪುಸ್ತಕದಲ್ಲಿ "ಗೊತ್ತಾಗಿಲ್ಲ" ಎಂದು ಬರೆದು, ಯಾವ ಯಾವ ಸಾಧ್ಯತೆಗಳನ್ನು ಯಾವ ಆಧಾರದ ಮೇಲೆ ಕೈಬಿಟ್ಟಿರಿ ಎಂಬುದನ್ನೂ ಸೇರಿಸಿ. ಹತ್ತಿರದ ತಾರಾಲಯಕ್ಕೋ ಹವ್ಯಾಸಿ ಖಗೋಳ ಸಂಘಕ್ಕೋ ಆ ಪುಟ ಕಳುಹಿಸಿ: ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ, ಮಂಗಳೂರಿನ ಪಿಲಿಕುಳ ತಾರಾಲಯದಲ್ಲಿ ಆಕಾಶ ಬಲ್ಲವರಿದ್ದಾರೆ. ಕಳುಹಿಸುವಾಗ ನಿಮ್ಮ ಊರಿನ ಹೆಸರು, ನಿಂತ ಜಾಗ, ದಿನಾಂಕ, ನಿಮಿಷ ಸಮೇತ ಸಮಯ ಮೊದಲ ಸಾಲಿನಲ್ಲೇ ಇರಲಿ. ಅವರು ಮೊದಲು ಹುಡುಕುವುದು ಅದನ್ನೇ.